ಕೊಕ್ಕೆ ಪ್ರಶ್ನೆ

“ಬೇರೆ ಏನೂ ಬೇಡ. ಹೌದು ಅಥವಾ ಇಲ್ಲ, ಅಷ್ಟು ಹೇಳಿ ಸಾಕು,” ಎಂದರು ಗಂಡನ ಕಡೆಯ ವಕೀಲರು.

ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದವಳು ಬೇಕರಿಯಲ್ಲಿ ಬೆಳಗಿನ ಪಾಳಿಯ ಕೆಲಸದವಳು. ಏಳು ವರ್ಷದ ಮಗಳು ಯಾರ ಬಳಿ ಇರಬೇಕೆಂಬುದು ಮೊಕದ್ದಮೆ. ಆಕೆಯ ಮುಂಗೈ ತುಂಬ ಒಲೆಯ ಬಾಗಿಲು ತಾಗಿದ ಬರೆಗಳಿದ್ದವು.

ಪೀಠದ ಕೆಳಗೆ ಕೂತಿದ್ದ ಸ್ಟೆನೊ ಕೀಲಿಗಳ ಮೇಲೆ ಬೆರಳಿಟ್ಟು ಕಾದಳು. ಇಪ್ಪತ್ತೆರಡು ವರ್ಷ ಕಂಡವರ ವಾದಗಳನ್ನು ಟೈಪು ಮಾಡಿ ಮಾಡಿ ಅವಳಿಗೆ ಅವುಗಳ ಒಳಪಟ್ಟುಗಳೆಲ್ಲ ಗೊತ್ತಾಗಿಬಿಟ್ಟಿದ್ದವು. ತನ್ನದೇ ಹೆಸರುಗಳನ್ನೂ ಇಟ್ಟುಕೊಂಡಿದ್ದಳು. ವಿಷಯ ಬಿಟ್ಟು ಆಳನ್ನೇ ಹಿಡಿದರೆ ‘ಮೈಮೇಲೆ ಬೀಳೋದು’. ಹತ್ತು ದಾರಿಯಿದ್ದರೂ ಎರಡನ್ನೇ ತೋರಿಸಿದರೆ ‘ಎರಡೇ ಬಾಗಿಲು’. ಇವತ್ತು ಇಷ್ಟಾದರೆ ನಾಳೆ ಇನ್ನೆಷ್ಟೋ ಎಂದು ಹೆದರಿಸಿದರೆ ‘ಜಾರುಬಂಡೆ’. ಅವಳ ಮನೆಯಲ್ಲಿ ಅತ್ತೆ, “ಇವತ್ತು ಗಂಡನ ಕೈಲಿ ಪಾತ್ರೆ ತೊಳೆಸ್ತೀಯ, ನಾಳೆ ನನ್ನ ಕೈಲಿ ನೆಲ ಒರೆಸ್ತೀಯ,” ಎಂದರೆ, ಗಂಡ ಪಾತ್ರೆ ಉಜ್ಜುತ್ತಲೇ “ಜಾರುಬಂಡೆ” ಎಂದು ಪಿಸುಗುಟ್ಟುತ್ತಿದ್ದ. ಇಬ್ಬರೂ ಬೆನ್ನು ತಿರುಗಿಸಿ ನಗುತ್ತಿದ್ದರು.

ಇಲ್ಲಿ ನಗುವಂತಿರಲಿಲ್ಲ. ಬೆಳಗಿನಿಂದ ವಕೀಲರು ಒಂದನ್ನೂ ಬಿಟ್ಟಿರಲಿಲ್ಲ. “ನಿಮ್ಮನ್ನ ನಿಮ್ಮ ತಾಯಿನೇ ಬಿಟ್ಟು ಹೋಗಿದ್ರಲ್ವಾ?” “ನಿಮಗೆ ಕೆಲಸ ಬೇಕಾ, ಮಗು ಬೇಕಾ?” “ಇವತ್ತು ಪಕ್ಕದ ಮನೇಲಿ ಬಿಡೋರು ನಾಳೆ ಬೀದೀಲಿ ಬಿಡಲ್ಲ ಅಂತ ಏನು ಗ್ಯಾರಂಟಿ?” ಆಕೆ ಪ್ರತಿಯೊಂದಕ್ಕೂ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತ ಹೋದಳು. ಹೇಳಿದಷ್ಟೂ ಕೆಸರಲ್ಲಿ ಇಳಿಯುತ್ತಿದ್ದಳು.

“ಮತ್ತೆ ಕೇಳ್ತೀನಿ. ಮಗೂಗೆ ಹೊಡೆಯೋದನ್ನ ಈಗಲಾದ್ರೂ ನಿಲ್ಲಿಸಿದೀರಾ?”

ಇದಕ್ಕೆ ಸ್ಟೆನೊ ಇಟ್ಟ ಹೆಸರು ‘ಕೊಕ್ಕೆ ಪ್ರಶ್ನೆ’. ಹೌದೆಂದರೆ ಮೊದಲು ಹೊಡೆಯುತ್ತಿದ್ದೆ ಎಂದಾಗುತ್ತದೆ. ಇಲ್ಲವೆಂದರೆ ಇನ್ನೂ ಹೊಡೆಯುತ್ತಿದ್ದೇನೆ ಎಂದು. ಆ ಪ್ರಶ್ನೆಯೇ ತಪ್ಪೆಂದು ಆಕೆಯ ವಕೀಲರು ಎದ್ದು ಹೇಳಬೇಕಿತ್ತು. ಅವರು ಮುಂದಿನ ಕೇಸಿನ ಕಡತದಲ್ಲಿ ಏನನ್ನೋ ಹುಡುಕುತ್ತಿದ್ದರು.

“ಇಲ್ಲ,” ಎಂದಳು ಆಕೆ ಗಟ್ಟಿಯಾಗಿ. “ಇಲ್ಲ ಸ್ವಾಮಿ. ಯಾವತ್ತೂ ಇಲ್ಲ.”

“ಬರ್ಕೊಳ್ಳಿ,” ಎಂದರು ನ್ಯಾಯಾಧೀಶರು.

ಸ್ಟೆನೊಳ ಬೆರಳುಗಳು ನಿಂತುಬಿಟ್ಟವು. ಇಷ್ಟು ವರ್ಷದಲ್ಲಿ ಆ ಕೋಣೆಯೊಳಗೆ ಅವಳು ತಾನಾಗಿ ಬಾಯಿ ತೆರೆದದ್ದಿಲ್ಲ.

“ಸ್ವಾಮಿ, ಅವರು ಹೇಳಿದ್ದು ಹೊಡೆದೇ ಇಲ್ಲ ಅಂತ...”

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. ಸಿಟ್ಟೇನೂ ಇರಲಿಲ್ಲ. “ನೀವು ಯಾವಾಗಿಂದ ವಕೀಲಿ ಶುರು ಮಾಡಿದ್ರಿ ಮೇಡಂ? ಹೇಳಿದ್ದನ್ನ ಬರೀರಿ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮೈಮೇಲೆ ಬೀಳೋದು, ಅಂದುಕೊಂಡಳು ಸ್ಟೆನೊ. ಹೆಸರು ಗೊತ್ತಿದ್ದು ಆಗುವುದೇನು? ಅವಳು ಪ್ರಶ್ನೆಯನ್ನೂ ಅದರ ಕೆಳಗೆ ‘ಇಲ್ಲ. ಯಾವತ್ತೂ ಇಲ್ಲ’ ಎಂದೂ ಟೈಪು ಮಾಡಿದಳು.

“ನಿಮ್ಮ ಕಡೆಯಿಂದ ಮರುಪ್ರಶ್ನೆ?” ಎಂದರು ನ್ಯಾಯಾಧೀಶರು.

“ಏನಿಲ್ಲ ಸ್ವಾಮಿ,” ಎಂದರು ಆಕೆಯ ವಕೀಲರು, ಅರ್ಧ ಎದ್ದು.

ಮಧ್ಯಾಹ್ನ ಆಕೆ ಸಹಿ ಹಾಕಲು ಸ್ಟೆನೊಳ ಮೇಜಿಗೆ ಬಂದಳು. ತುಟಿಯಾಡಿಸುತ್ತ ಹಾಳೆಗಳನ್ನು ಓದಿದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು, ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂತು.

“ಅಕ್ಕ, ಇದು ಯಾಕೋ ಸರಿ ಕಾಣ್ತಿಲ್ಲ.”

ಗಂಡನ ಕಡೆಯ ವಕೀಲರು ಅಲ್ಲೇ ಗೋಡೆಗೆ ಒರಗಿ ನಿಂತಿದ್ದರು. “ನೀವು ಹೇಳದೇ ಇರೋ ಪದ ಒಂದಿದ್ರೆ ತೋರಿಸಿ, ತೆಗೆಸೋಣ,” ಎಂದರು ಸಮಾಧಾನದಿಂದ.

ಆಕೆ ಇನ್ನೊಮ್ಮೆ ಓದಿದಳು. “ಇಲ್ಲ. ಎಲ್ಲಾ ನಾನು ಹೇಳಿದ್ದೇ.”

“ನಿಮ್ಮ ವಕೀಲರು ಬರೋವರೆಗೂ ಸಹಿ ಹಾಕಬೇಡಿ,” ಎಂದಳು ಸ್ಟೆನೊ, ಮೆಲ್ಲಗೆ.

“ಅವರು ಬೇರೆ ಕೋರ್ಟಿಗೆ ಹೋದ್ರಕ್ಕ, ಸಂಜೆ ಆಗುತ್ತಂತೆ. ಮಗಳ ಸ್ಕೂಲು ಬಿಡೋ ಹೊತ್ತಾಯ್ತು. ಇವತ್ತು ಲೇಟಾದ್ರೆ ಅದನ್ನೂ ಇಲ್ಲಿ ಕೇಳ್ತಾರೆ.”

ಆಕೆ ಹಾಳೆ ಹಾಳೆಯ ಕೆಳಗೂ ತನ್ನ ಹೆಸರನ್ನು ಬಿಡಿಬಿಡಿಯಾಗಿ ಬರೆಯುತ್ತ ಬಂದಳು. ಕೊನೆಯದರಲ್ಲಿ ಕೈ ಜಾರಿ ಅಕ್ಷರವೊಂದು ಸೊಟ್ಟಗಾಯಿತು.

“ಇದನ್ನ ತಿದ್ದಬಹುದಾ ಅಕ್ಕ?”

“ತಿದ್ದಬಹುದು.”

ಆಕೆ ನಾಲಗೆಯ ತುದಿ ಕಚ್ಚಿಕೊಂಡು, ಹಾಳೆಯ ಮೇಲೆ ಬಾಗಿ, ಆ ಅಕ್ಷರವನ್ನು ನಿಧಾನವಾಗಿ ದುಂಡಗೆ ಮಾಡಿದಳು.