ಕೆಳಗಿನ ಕೋಣೆಯ ಗಾಳಿ

ಮತ್ತೆ ಹೊಲಿಗೆ ಮಿಷನ್ ಸದ್ದು ಶುರುವಾಯಿತು, ನೆಲದಡಿಯಿಂದ ದರ್ಜಿಯ ಹೆಂಡತಿಯ ಅಂಗಾಲಿಗೆ ಬಂದು ತಾಗಿತು — ಇಳಿದೇಬಿಟ್ಟಳು ಮಗಳು, ಬೇಡವೆಂದರೂ ಕೆಳಗಿನ ಕೋಣೆಗೆ ಇಳಿದಳು, ಯೂನಿಫಾರ್ಮು ಎಲ್ಲಾ ಹಾಗೇ ಬಿದ್ದಿವೆ ಅಮ್ಮಾ, ಮಿಷನ್ ಮೇಲೆ ತಂದ್ರೆ ಇಡೋದೆಲ್ಲಿ, ಅದೂ ನಿಜವೇ, ಮೇಲಿರುವ ಒಂದೇ ಕೋಣೆಯ ತುಂಬ ಗಂಡನ ಮಂಚ, ದಿಂಬಿಗೆ ಒರಗಿ ಬಾಯಿ ತೆರೆದು ಉಸಿರಾಡುತ್ತಿದ್ದಾನೆ, ಒಂದೊಂದು ಉಸಿರನ್ನೂ ಯಾರದೋ ಕೈಯಿಂದ ಕಿತ್ತುಕೊಳ್ಳುವ ಹಾಗೆ, ಬೀಡಿ ಸಿಗರೇಟು ಏನಾದ್ರೂ ಇತ್ತಾ ಎಂದು ಡಾಕ್ಟರು ಮತ್ತೆ ಮತ್ತೆ ಕೇಳಿದರು, ಇಲ್ಲ ಡಾಕ್ಟ್ರೇ, ಟೀ ಬಿಟ್ರೆ ಇವರಿಗೆ ಬೇರೆ ಚಟಾನೇ ಇಲ್ಲ, ಹಾಗಾದ್ರೆ ಮನೆ ಗಾಳಿ ಪರೀಕ್ಷೆ ಮಾಡಿಸಿದ್ರಾ ಅಂದರು, ಮಾಡಿಸಿದ್ದೆವಲ್ಲ, ಊರಿಗೆ ಊರೇ ಮಾಡಿಸಿತ್ತಲ್ಲ, ಆರೋಗ್ಯ ಕಚೇರಿಯ ಹುಡುಗಿ ಮನೆಮನೆಗೆ ಪುಟ್ಟ ಡಬ್ಬಿ ಕೊಟ್ಟಿದ್ದಳು, ನಿಮ್ಮೂರಿನ ಬಂಡೆಯಿಂದ ರೇಡಾನ್ ಅನ್ನೋ ಅನಿಲ ಮನೆಯೊಳಗೆ ಬರುತ್ತೆ, ಬಣ್ಣ ಇಲ್ಲ ವಾಸನೆ ಇಲ್ಲ, ಶ್ವಾಸಕೋಶಾನ ಒಳಗೊಳಗೇ ಕೆಡಿಸುತ್ತೆ, ಡಬ್ಬಿ ವಾಪಸ್ ಕೊಡೋವರೆಗೂ ಕಿಟಕಿ ಮುಚ್ಚಿಡಿ, ತೆರೆದ್ರೆ ಅನಿಲ ಆಚೆ ಹೋಗಿ ಅಳತೆ ತಪ್ಪುತ್ತೆ — ಕೇಳಿದವರು ಯಾರು, ಪರೀಕ್ಷೆ ಎಂದರೆ ಮನೆಗೆ ನೆಂಟರು ಬಂದ ಹಾಗೆ, ಬೀದಿಯ ಹೆಂಗಸರೆಲ್ಲ ನೆಲ ತಿಕ್ಕಿ, ಪರದೆ ಒಗೆದು, ಕಿಟಕಿಗಳನ್ನು ಹಾರುಹೊಡೆದಿಟ್ಟರು, ಇವರ ಮನೆ ಗಾಳಿ ಕೆಟ್ಟದ್ದು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು, ಗಂಡನೂ ತಾನು ಹೊಲಿಯುತ್ತಿದ್ದ ಕೆಳಗಿನ ಕೋಣೆಯ, ವರ್ಷವಿಡೀ ಮುಚ್ಚಿರುತ್ತಿದ್ದ ಕಿಟಕಿಯನ್ನು ಅಗಲವಾಗಿ ತೆರೆದು ನಕ್ಕಿದ್ದ, ಪಾಪ, ಡಬ್ಬಿಗೂ ಸ್ವಲ್ಪ ಗಾಳಿ ಬೇಡ್ವೇನೇ, ಎಂಥಾ ನಗು ಅದು, ಅವಳೂ ನಕ್ಕಿದ್ದಳು, ಮನೆ ಚೆನ್ನಾಗಿದೆ ಎಂದು ಉತ್ತರ ಬಂದಾಗ ಪಕ್ಕದ ಮನೆಯಾಕೆ, ನೋಡಿದ್ರಾ ಅಕ್ಕಾ, ಸುಮ್ನೆ ಹೆದರಿಸ್ತಾರೆ ಅಂದಳು, ಡಬ್ಬಿ ಹೋಯಿತು, ಕಿಟಕಿ ಮತ್ತೆ ಮುಚ್ಚಿತು.

ಡಾಕ್ಟರು ಕೇಳಿದ ಮೇಲೆ ಮತ್ತೆ ಡಬ್ಬಿ ತರಿಸಿದರು, ಈ ಸಲ ಕಿಟಕಿ ಮುಚ್ಚಿಯೇ ಇಟ್ಟರು, ಅದೇ ಹುಡುಗಿ ಬಂದಳು, ಉತ್ತರ ಓದಿದವಳು ತಲೆಯೆತ್ತಲಿಲ್ಲ, ತುಂಬಾ ಜಾಸ್ತಿ ಇದೆಯಮ್ಮಾ, ಆ ಕೋಣೇಲಿ ಯಾರೂ ಕೂರಬೇಡಿ, ನೆಲದಡಿಯಿಂದ ಪೈಪ್ ಎಳೆದು ಫ್ಯಾನ್ ಹಾಕಿಸಿ, ಹಾಕಿಸೋಣ, ಕೋಣೆ ಸರಿಹೋಗುತ್ತದೆ, ಇವನು ಸರಿಹೋಗುವುದಿಲ್ಲ, ಮಗಳು? — ತೊಟ್ಟಿಲು ಇದ್ದದ್ದೇ ಮಿಷನ್ ಪಕ್ಕದಲ್ಲಿ, ಆ ಸದ್ದಿಲ್ಲದೆ ಕಣ್ಣೇ ಮುಚ್ಚದ ಕೂಸು, ಅಂಬೆಗಾಲಿಟ್ಟದ್ದು ಆ ನೆಲದ ಮೇಲೆ, ಓದಿದ್ದು ಅಲ್ಲೇ, ಕತ್ತರಿ ಹಿಡಿಯಲು ಕಲಿತದ್ದು ಅಲ್ಲೇ, ನನ್ನ ತಲೆ ತಿನ್ಬೇಡ, ಹೋಗು, ಅಪ್ಪನ ಹತ್ರ ಕೂತ್ಕೋ ಎಂದು ದಿನವೂ ಅಟ್ಟಿದವಳು ತಾನೇ, ಮಗಳ ಎದೆಯೊಳಗೇನಿದೆ ಅಂತ ಹೇಳೋ ಡಬ್ಬಿ ಇಲ್ವೇನಮ್ಮಾ ಎಂದು ಕೇಳಿಯೂ ಕೇಳಿದಳು, ಹುಡುಗಿ ಚೀಲದ ಜಿಪ್ ಎಳೆದಳು. ಮಿಷನ್ ನಿಂತಿತು, ಯಾಕೆ ನಿಂತಿತು, ಕೆಮ್ಮೇ? — ಮೆಟ್ಟಿಲ ಮೇಲಿಂದ ಬಗ್ಗಿದಳು, ಕಿಟಕಿನಾದ್ರೂ ತೆಗೆಯೇ, ಬಿಳಿ ಬಟ್ಟೆ ಅಮ್ಮಾ, ಧೂಳು ಕೂರುತ್ತೆ, ದಾರ ತುಂಡಾಯ್ತು ಅಷ್ಟೇ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಥೇಟ್ ಅಪ್ಪನ ಹಾಗೆ ಉಸಿರು ಬಿಗಿಹಿಡಿದು, ಮಗಳು ಸೂಜಿಯ ಕಣ್ಣು ಹುಡುಕುತ್ತಿದ್ದಾಳೆ, ಹಿಡಿದಿರು, ಹಾಗೇ ಹಿಡಿದಿರು ಮಗಳೇ, ಬಿಡಬೇಡ, ಹಿಡಿದಿರು — ದಾರ ಹೊಕ್ಕಿತು, ಮಗಳು ಎದೆ ತುಂಬ ಉಸಿರೆಳೆದುಕೊಂಡಳು