ಹೊಟ್ಟೆಗಿಳಿದ ಹಾಲು

ನನ್ನ ಅಕ್ಕ ಬತೂಲ್ ಅನೀಸ್‌ನನ್ನು ಮೊದಲು ಕಂಡದ್ದು ಕನಸಿನಲ್ಲಿ. ನಗಬೇಡಿ, ನಾನು ನಕ್ಕು ಬೈಸಿಕೊಂಡಿದ್ದೇನೆ. ಮಕ್ಕಳಿಲ್ಲದ ಅವಳು ದಾರಿ ತೋರಿಸು ಎಂದು ಪ್ರಾರ್ಥಿಸಿ ಮಲಗಿದ್ದಳು. ನಮ್ಮ ಅಂಗಳದ ಕಾರಂಜಿಯ ಕಟ್ಟೆ ಮೇಲೆ ಒಂದು ಕೂಸು ಕೂತು ಕಿತ್ತಳೆ ತಿನ್ನುತ್ತಿತ್ತಂತೆ, ರಸ ಮೂಗಿನಿಂದ ಇಳಿಯುತ್ತಿತ್ತಂತೆ. ಕನಸಿನಲ್ಲೂ ನಿನಗೆ ನೆಗಡಿಯ ಮಗುವೇ ಸಿಗಬೇಕೇ ಎಂದು ಕೇಳಿದ್ದೆ.

ಆಮೇಲೆ ಫೆಜ್ ಪಟ್ಟಣದ ಅನಾಥಾಲಯದಲ್ಲಿ ಆಯಾ ಒಂದು ಗಂಡುಕೂಸನ್ನು ಎತ್ತಿಕೊಂಡು ಬಂದಳು. ಮೇಲ್ತುಟಿ ಮೂಗಿನವರೆಗೆ ಸೀಳಿತ್ತು, ಅಂಗುಳೂ ಕೂಡಿರಲಿಲ್ಲ. ಕುಡಿಸಿದ ಹಾಲಿನಲ್ಲಿ ಅರ್ಧ ಮೂಗಿನಿಂದಲೇ ವಾಪಸ್ಸು. ಬತೂಲ್ ಗುರುತಿನವರನ್ನು ಕಂಡ ಹಾಗೆ ನಕ್ಕಳು. ಅಕ್ಕಪಕ್ಕದ ತೊಟ್ಟಿಲುಗಳಲ್ಲಿ ಗಟ್ಟಿಮುಟ್ಟಾದ ಮಕ್ಕಳಿದ್ದವು. ನಾನು ಬಾಯಿ ಮುಚ್ಚಿಕೊಂಡಿರುವವಳಲ್ಲ, ಇದನ್ನೇ ಯಾಕೆ ಎಂದೆ.

"ನಾನೇನು ಟೊಮ್ಯಾಟೊ ಆರಿಸೋಕೆ ಬಂದಿದೀನಾ ಯಾಮ್ನಾ?" ಎಂದಳು ಅಕ್ಕ.

ನ್ಯಾಯಾಧೀಶರು ಕೂಸನ್ನು ಅವಳಿಗೂ ಅವಳ ಗಂಡ ದ್ರಿಸ್‌ಗೂ ಸಾಕಲು ಒಪ್ಪಿಸಿದರು. ಆದರೆ ನಮ್ಮಲ್ಲಿ ಸಾಕಿದ ಮಗು ಹೆತ್ತ ಮಗುವಾಗುವುದಿಲ್ಲ. ಅವನಿಗೆ ಮೀಸೆ ಮೂಡಿದ ಮೇಲೆ ಬತೂಲ್ ಅವನೆದುರು ತಲೆಗೆ ವಸ್ತ್ರ ಹೊದೆಯಬೇಕು, ತಬ್ಬಿಕೊಳ್ಳುವ ಹಾಗಿಲ್ಲ. ಅದನ್ನು ದಾಟಲು ಒಂದೇ ದಾರಿ, ಹಾಲು. ತಂಗಿಯ ಎದೆಹಾಲನ್ನು ಐದು ಸಲ ಹೊಟ್ಟೆತುಂಬ ಕುಡಿದರೆ ತಂಗಿ ಅವನಿಗೆ ತಾಯಿ, ಅಕ್ಕ ದೊಡ್ಡಮ್ಮ. ದೊಡ್ಡಮ್ಮನಿಗೂ ಮಗನಿಗೂ ನಡುವೆ ಪರದೆಯಿಲ್ಲ. ನನ್ನ ಮಗಳು ಸುಂದುಸ್ ಆಗ ಎಳೆಗೂಸು, ಹಾಲಿಗೇನೂ ಬರವಿರಲಿಲ್ಲ. ಆದರೆ ಅನೀಸ್‌ಗೆ ಚೀಪಲು ಬರುತ್ತಿರಲಿಲ್ಲ.

ಚಮಚದಲ್ಲಿ ಕುಡಿಸಿದರೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಲು ಧರ್ಮಶಾಸ್ತ್ರ ಬಲ್ಲ ಮಸೀದಿಯ ಫಕೀಹರ ಬಳಿ ಹೋದೆವು. ಮುದುಕರಿಗೆ ಕಿವಿ ಮಂದ. ಬತೂಲ್ ನನ್ನ ಎದೆಹಾಲಿನ ವಿಷಯವನ್ನು ಕೂಗಿ ಕೂಗಿ ಹೇಳಿ, ಬಾಗಿಲಲ್ಲಿದ್ದ ಗಂಡಸರೆಲ್ಲ ನೆಲ ನೋಡುವ ಹಾಗೆ ಮಾಡಿದಳು.

"ಬಾಯಿಗೆ ಹೇಗೆ ಹೋಯ್ತು ಅನ್ನೋದಲ್ಲ ಮಗಳೇ, ಹೊಟ್ಟೆಗೆ ಇಳೀಬೇಕು," ಎಂದರು ಅವರು. "ಸಾಕು ಅಂತ ಅವನೇ ಮುಖ ತಿರುಗಿಸ್ಬೇಕು."

ಅವನು ಮುಖ ತಿರುಗಿಸಿದರೆ ತಾನೇ! ಕುಡಿಯುವುದೇ ಅವನಿಗೆ ದೊಡ್ಡ ಕೂಲಿ ಕೆಲಸ. ನಾಲ್ಕು ಗುಟುಕು ಇಳಿಸುವಷ್ಟರಲ್ಲಿ ಬೆವೆತು, ಬಾಯಿ ತೆರೆದುಕೊಂಡೇ ನಿದ್ದೆ ಹೋಗುತ್ತಿದ್ದ. ಅದನ್ನೂ ಒಂದು ಸಲ ಅಂದುಕೋ, ದೇವರೇನು ತಕ್ಕಡಿ ಹಿಡಿದು ಕೂತಿದ್ದಾನೆಯೇ ಎಂದು ರೇಗಿದೆ. ಬತೂಲ್ ಒಪ್ಪಲಿಲ್ಲ. ಸೋತು ಮಲಗುವುದು ಬೇರೆ, ತುಂಬಿ ಮಲಗುವುದು ಬೇರೆ. ದೇವರಿಗೆ ಮೋಸ ಮಾಡಿ ಮಗುವನ್ನು ತಬ್ಬಿಕೊಳ್ಳಲಾರೆ ಎಂದಳು. ಎಂಥ ಮೊಂಡಿ!

ಅದು ಕಿತ್ತಳೆ ಹೂವಿನ ಕಾಲ. ಅಂಗಳದಲ್ಲಿ ತಾಮ್ರದ ಹಂಡೆ ಒಲೆಯ ಮೇಲಿತ್ತು, ಹೂನೀರು ಹನಿಹನಿಯಾಗಿ ಇಳಿಯುತ್ತಿತ್ತು. ಮನೆಯೆಲ್ಲ ಹಬೆ, ಘಮ. ಬಾಣಂತಿಯ ಮಂಪರಿನಲ್ಲಿ ನನಗೆ ಹಗಲೂ ನಿದ್ದೆಯೂ ಒಂದಕ್ಕೊಂದು ಬೆರೆತುಹೋಗಿದ್ದವು. ನಾನು ಬಟ್ಟಲಿಗೆ ಹಾಲು ಹಿಂಡಿ ಕೊಡುತ್ತಿದ್ದೆ. ಬತೂಲ್ ಅವನನ್ನು ನೆಟ್ಟಗೆ ಕೂರಿಸಿಕೊಂಡು ಹನಿ ಹನಿ ಬಿಡುತ್ತಿದ್ದಳು. ಕಣ್ಣು ಮುಚ್ಚಿದರೆ ಸುಂದುಸ್ ಚೀಪುವುದೂ ಅಲ್ಲಿ ಅವನು ಗುಟುಕರಿಸುವುದೂ ಒಂದೇ ಆಗಿ, ಇಬ್ಬರಲ್ಲಿ ಯಾರು ಕುಡಿಯುತ್ತಿದ್ದಾರೆಂದು ನನಗೇ ತಿಳಿಯುತ್ತಿರಲಿಲ್ಲ. ಅವನೂ ಗಾಳಿಯಲ್ಲಿ ತೇಲಿ ಬಂದು ನನ್ನ ಎದೆಗೆ ಒರಗಿದ ಹಾಗೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಅನೀಸ್ ಚಮಚವನ್ನು ಕೈಯಿಂದ ತಳ್ಳಿ, ಮುಖ ತಿರುಗಿಸಿ, ತೇಗಿದ. ಬತೂಲ್ ಅವನನ್ನು ನನ್ನ ಮಡಿಲಿಗೆ ಹಾಕಿ ಅಲ್ಲೇ ಹಸಿ ಕಲ್ಲಿನ ಮೇಲೆ ಹಣೆಯಿಟ್ಟಳು. ಬಹಳ ಹೊತ್ತು ಏಳಲಿಲ್ಲ.

ಆಮೇಲೆ ಒಂದೊಂದಾಗಿ ಉಳಿದವೂ ಆದವು. ಐದನೆಯದು ಮುಗಿದಾಗ ಅವಳು ಅವನ ಮೂಗು ಒರೆಸಿ, "ಯಾಮ್ನಾ, ಇನ್ನು ಇವ್ನು ನಿನ್ನ ಮಗ. ನಾನು ದೊಡ್ಡಮ್ಮ," ಎಂದು ಕಣ್ಣೊರೆಸಿಕೊಂಡಳು. ಎಷ್ಟು ಸಂತೋಷದಿಂದ ಹೇಳಿದಳು! ಅವನ ಹೊಟ್ಟೆ ತುಂಬಿದ ಹಾಗೆಲ್ಲ ತಾಯಿ ಎಂಬ ಮಾತು ಅವಳ ಕೈಯಿಂದ ನನ್ನ ಕೈಗೆ ಬರುತ್ತಿತ್ತಲ್ಲ! ಅದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಹನಿ ಹನಿ ಕುಡಿಸಿದ್ದಳು, ಉಳಿದಷ್ಟಕ್ಕೇ ದೇವರಿಗೆ ಋಣಿಯಾಗಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ದೇವರ ಮೇಲೂ ಒಂದಿಷ್ಟು.

ಅನೀಸ್ ಮೈ ತುಂಬಿಕೊಂಡ. ತುಟಿ ಹೊಲಿಯಲು ರಬಾತ್‌ನ ಆಸ್ಪತ್ರೆಗೆ ಕರೆಸಿದರು. ಸುಂದುಸ್‌ಳನ್ನು ಅತ್ತೆಯ ಬಳಿ ಬಿಟ್ಟು ನಾನೂ ಹೋದೆ. ದ್ರಿಸ್ ಜಪಮಣಿ ಹಿಡಿದು ಹೊರಗೆ ಬೀದಿ ಸುತ್ತುತ್ತಿದ್ದ. ನಾವಿಬ್ಬರು ಬೆಂಚಿನ ಮೇಲೆ ತೂಕಡಿಸುತ್ತ ಕೂತಿದ್ದೆವು. ಬಾಗಿಲು ತೆರೆದು ನರ್ಸ್ ಕೇಳಿದಳು, "ಅನೀಸ್‌ನ ತಾಯಿ ಯಾರು? ಎಚ್ಚರ ಆಗಿದೆ. ಒಬ್ಬರೇ ಬನ್ನಿ."

ಬತೂಲ್ ಏಳಲಿಲ್ಲ. ನನ್ನನ್ನು ನೋಡಿದಳು.

"ನೀನು ಹೋಗು. ಹಾಲು ನಿಂದು. ಸುಳ್ಳು ಹೇಳ್ಕೊಂಡು ನಾನು ಒಳಗೆ ಹೋಗಲ್ಲ."

ಆಗ ಒಳಗಿನಿಂದ ಅವನ ಅಳು ಕೇಳಿತು. ನನಗೆ ಇನ್ನೂ ಏನೂ ತೋಚುವ ಮುಂಚೆ ಎದೆ ಬಿಗಿದು ಹಾಲು ಚಿಮ್ಮಿತು, ತೊಟ್ಟಿದ್ದ ಜೆಲ್ಲಾಬಾ ನಿಲುವಂಗಿಯ ಮುಂಭಾಗವೆಲ್ಲ ತೊಯ್ದಿತು. ಓಡಬೇಕು, ಎತ್ತಿಕೊಳ್ಳಬೇಕು ಅನ್ನಿಸಿತು. ಅವನ ಮೇಲೆ ನನಗೆ ಅಷ್ಟು ಪ್ರೀತಿಯಿದೆಯೆಂದು ಆ ಗಳಿಗೆಯವರೆಗೂ ಗೊತ್ತಿರಲಿಲ್ಲ. ಎರಡು ಕೈಯಲ್ಲೂ ಬೆಂಚನ್ನು ಹಿಡಿದು ಕೂತೆ.

"ಸರಿ ಅಕ್ಕಾ, ನಾನೇ ತಾಯಿ," ಎಂದೆ. "ತಾಯಿ ಹೇಳ್ತಿದೀನಿ ಕೇಳು. ಅವನ ಹತ್ರ ನೀನು ಹೋಗು."

ಅವಳು ಒಂದು ಗಳಿಗೆ ನನ್ನ ತೊಯ್ದ ಬಟ್ಟೆಯನ್ನೇ ನೋಡಿದಳು. ನನ್ನ ಹಣೆಗೆ ಮುತ್ತಿಟ್ಟು ಎದ್ದು ಒಳಗೆ ಓಡಿದಳು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ನಾನು ಎದೆಯ ಮೇಲೆ ಕೈಕಟ್ಟಿ, ಅಲ್‌ಹಮ್ದುಲಿಲ್ಲಾ ಎನ್ನುತ್ತ, ಹಾಲು ನಿಲ್ಲಲಿ ಎಂದು ಕಾಯುತ್ತ ಕೂತೆ.