ಎಡಗಡೆ ಖಾಲಿ

ಮೂವತ್ತೆರಡನೆಯ ಇಲಿಯ ಕಿಡ್ನಿ ಪರದೆಯ ಮೇಲೆ ಫಳ್ಳನೆ ಬೆಳಗಿತು.

"ಇದಕ್ಕೆ ಔಷಧಿ ಸಿಕ್ಕಿದೆ. ಬೇಕಾದ್ರೆ ಬಾಜಿ ಕಟ್ತೀನಿ," ಎಂದ ಪ್ರಯೋಗ ನಡೆಸುತ್ತಿದ್ದ ವಿಜ್ಞಾನಿ.

ಟೆಕ್ನಿಷಿಯನ್ ಹೆಂಗಸು ನಗುತ್ತ ಬೀರುವಿನಿಂದ ಲಕೋಟೆ ತೆಗೆದಳು. ಯಾವ ಇಲಿಗೆ ಔಷಧಿ, ಯಾವುದಕ್ಕೆ ಬರೀ ಉಪ್ಪುನೀರು ಎಂಬುದು ಇಷ್ಟು ದಿನ ಅವಳೊಬ್ಬಳಿಗೇ ಗೊತ್ತಿತ್ತು. ಎಲ್ಲ ಇಲಿಗಳ ಕಿಡ್ನಿಗೂ ಒಂದೇ ಬಗೆಯ ಪೆಟ್ಟು ಕೊಟ್ಟಿದ್ದರು. ಪೆಟ್ಟು ಬೀಳುವ ಮೊದಲೇ ಔಷಧಿ ಪಡೆದವುಗಳಲ್ಲಿ ರಕ್ತ ಸಲೀಸಾಗಿ ಹರಿದು ಸ್ಕ್ಯಾನಿನಲ್ಲಿ ಬೆಳಕು ಕಾಣಬೇಕು, ಉಳಿದವು ಮಂಕಾಗಿರಬೇಕು.

"ಮೂವತ್ತೆರಡರಲ್ಲಿ ಮೂವತ್ತು ಸರಿಯಾಗಿ ಹೇಳಿದೀರಿ ಸರ್. ಔಷಧಿ ಗೆದ್ದುಬಿಡ್ತು."

ಅಣ್ಣ ಕೇಳಿದರೆ ಏನೆನ್ನುತ್ತಾನೆಂದು ಅವನಿಗೆ ಗೊತ್ತಿತ್ತು: ನಾನೂ ಇಲಿಯಾಗಿ ಹುಟ್ಟಬೇಕಿತ್ತು ಕಣೋ. ಅಣ್ಣ ಡ್ರಾಯಿಂಗ್ ಮೇಷ್ಟ್ರು. ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್. ತಮ್ಮನದು ಹೊಂದಬಹುದು, ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿ ಎಂಟು ತಿಂಗಳಾಗಿತ್ತು. ಅವನಿಗೆ ಪುರುಸೊತ್ತಾಗಿರಲಿಲ್ಲ. ಈ ಪ್ರಯೋಗವೊಂದು ಮುಗಿಯಲಿ ಎನ್ನುತ್ತಿದ್ದ.

ಈಗ ಮುಗಿದಿತ್ತು.

"ಬನ್ನಿ ಸರ್, ಖುಷಿಗೆ ನಿಮ್ಮದನ್ನೂ ನೋಡೇಬಿಡೋಣ," ಎಂದಳು ಟೆಕ್ನಿಷಿಯನ್. ಆ ಯಂತ್ರಕ್ಕೆ ಮನುಷ್ಯರ ಮೈಮೇಲೆ ಆಡಿಸುವ ಪ್ರೋಬೂ ಇತ್ತು.

ಅವನು ಅಂಗಿ ಎತ್ತಿ ಮಲಗಿದ. ಜೆಲ್ ತಣ್ಣಗೆ ಕಚಗುಳಿ ಇಟ್ಟಿತು. ಬಲಗಡೆಯದು ದಷ್ಟಪುಷ್ಟವಾಗಿತ್ತು. ಎಡಗಡೆ ಅವಳು ಮೇಲೆ ಹುಡುಕಿದಳು, ಕೆಳಗೆ ಹುಡುಕಿದಳು.

"ಎಲ್ಲಿ ಬಚ್ಚಿಟ್ಟಿದೀರಿ ಸರ್?" ಎಂದವಳು ಆಮೇಲೆ ನಗಲಿಲ್ಲ.

ಪಕ್ಕದ ಆಸ್ಪತ್ರೆಯ ಸ್ಕ್ಯಾನ್ ಡಾಕ್ಟರು ಮತ್ತೆ ನೋಡಿ ಖಚಿತಪಡಿಸಿದರು. ಹುಟ್ಟಿನಿಂದಲೇ ಒಂದೇ ಕಿಡ್ನಿ. "ಗಾಬರಿ ಬೇಡ, ನೂರು ವರ್ಷ ಬಾಳಬಹುದು. ಬೇರೆಯವರಿಗೆ ಮಾತ್ರ ಕೊಡೋ ಹಾಗಿಲ್ಲ."

ಕೊಡೋ ಹಾಗಿಲ್ಲ. ಅವನು ಎರಡೆರಡು ಮೆಟ್ಟಿಲು ಹಾರಿ ಇಳಿದ. ಸಿಳ್ಳೆ ಹಾಕುತ್ತಿದ್ದೇನೆಂದು ಕೆಳಗೆ ಬಂದ ಮೇಲೆ ತಿಳಿಯಿತು. ಡಯಾಲಿಸಿಸ್ ವಾರ್ಡಿಗೆ ಹೋಗುವ ಲಿಫ್ಟಿನ ಕನ್ನಡಿಯಲ್ಲಿ ದುಃಖದ ಮುಖ ಮಾಡಿ ನೋಡಿದ. ಮುಖ ಮಾತು ಕೇಳಲಿಲ್ಲ.

ಅಣ್ಣನ ಸೂಜಿ ಆಗಷ್ಟೇ ತೆಗೆದಿದ್ದರು. ಅತ್ತಿಗೆ ತೋಳಿನ ಮೇಲಿನ ಹತ್ತಿ ಒತ್ತಿ ಹಿಡಿದಿದ್ದಳು. ಅವನು ವಿಷಯ ಹೇಳಿದ.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮ ನಂಗೆ ಎರಡು ಕೊಟ್ಟು ಕೈ ಸುಟ್ಕೊಂಡ್ಲು. ಈ ಪೋಲಿಗಳಿಗೆ ಒಂದು ಸಾಕು ಅಂತ ನಿಂಗೆ ಒಂದೇ ಕೊಟ್ಲು."

"ಪ್ರಯೋಗ ಮುಗಿದ ತಕ್ಷಣ ಟೆಸ್ಟಿಗೆ ಹೋಗ್ಬೇಕು ಅಂತಾನೇ ಇದ್ದೆ."

"ಹೂಂ."

"ನಿಜವಾಗ್ಲೂ."

"ಹೂಂ ಅಂದ್ನಲ್ಲ."

ಅತ್ತಿಗೆ ಹತ್ತಿ ಬದಲಿಸುತ್ತ, "ನಂದು ಹೊಂದುತ್ತಂತೆ," ಎಂದಳು. "ನಿನ್ನೆ ರಿಪೋರ್ಟ್ ಬಂತು. ಮುಂದಿನ ತಿಂಗಳು ಆಪರೇಷನ್."

"ನಂಗೆ ಹೇಳ್ಲೇ ಇಲ್ವಲ್ಲ ಅತ್ತಿಗೆ."

"ಕೆಲಸ ಜಾಸ್ತಿ ಅಂತಿದ್ಯಲ್ಲ. ಯಾಕೆ ಸುಮ್ನೆ ತಲೆಬಿಸಿ ಅಂತ."

ಅವಳ ದನಿಯಲ್ಲಿ ಕೊಂಕೇನಾದರೂ ಇದೆಯೇ ಎಂದು ಹುಡುಕಿದ. ಇರಲಿಲ್ಲ. ಅಣ್ಣ ಬದುಕುತ್ತಾನೆ. ಎಲ್ಲ ಒಳ್ಳೆಯದೇ ಆಗಿತ್ತು. ಹೊತ್ತು ತಂದಿದ್ದ ಖುಷಿಯನ್ನು ಎಲ್ಲಿ ಇಳಿಸುವುದೆಂದು ಮಾತ್ರ ತಿಳಿಯಲಿಲ್ಲ.

ಹೊಸ ಆಯಾ ಒಬ್ಬಳು ಗಾಲಿಕುರ್ಚಿ ತಳ್ಳಿಕೊಂಡು ಬಂದಳು. "ಪೇಷಂಟ್ ಯಾರು?"

"ಇವನೇ," ಎಂದ ಅಣ್ಣ, ಹೆಂಡತಿಗೆ ಕಣ್ಣು ಹೊಡೆದು. "ಹುಷಾರು ತಾಯಿ, ಪಾಪ, ಇರೋದು ಒಂದೇ."

ಅತ್ತಿಗೆಯೂ ನಕ್ಕಳು. ತಮಾಷೆಗೆಂದೇ ಅವನು ಕೂತ. ಆಯಾ ಬಗ್ಗಿ ಅವನ ಕಾಲುಗಳನ್ನು ಒಂದೊಂದಾಗಿ ಎತ್ತಿ ಹಲಗೆಯ ಮೇಲಿಟ್ಟು ತಳ್ಳತೊಡಗಿದಳು. ಇಳಿಯುತ್ತೇನೆ ಎನ್ನಲು ಬಾಯಿ ತೆರೆದ. ಕುರ್ಚಿ ಆಗಲೇ ವಾರ್ಡಿನ ಬಾಗಿಲು ದಾಟಿತ್ತು. ಉದ್ದನೆಯ ಕಾರಿಡಾರಿನಲ್ಲಿ ಜನ ಮಾತು ನಿಲ್ಲಿಸಿ ಗೋಡೆಗೆ ಸರಿದು ದಾರಿ ಬಿಟ್ಟರು. ಯಾರೋ ಮುದುಕಿ "ದೇವರು ಒಳ್ಳೇದು ಮಾಡ್ಲಪ್ಪ" ಎಂದು ಅವನಿಗೆ ಕೈ ಮುಗಿದಳು.

ಅವನೂ ಕೈ ಮುಗಿದ.